ಟಮಾಟಿ ಕಾಯಿ ಹಣ್ಣಾಗುವಾಗ ಅದರ ದ್ಯುತಿಸಂಶ್ಲೇಷಣೆ ಅಳೆಯುವ ಬರಣಿ: ಜೋಡಣೆ ಮತ್ತು ದುರಸ್ತಿಯ ದಾಖಲೆ

ಎಲೆಯೊಂದನ್ನು ಗಾಳಿಯಾಡದ ಬರಣಿಯಲ್ಲಿಟ್ಟು ಬೆಳಕು ಬಿಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಹಸಿರು ಟಮಾಟಿ ಕಾಯಿಯನ್ನು ಇಟ್ಟರೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಬೆಳಕಿನಲ್ಲೂ ಅದು ಏರುತ್ತಲೇ ಇರುತ್ತದೆ, ಏರುವ ವೇಗವಷ್ಟೇ ತಗ್ಗುತ್ತದೆ. ಇದನ್ನು ನೋಡಿದ ಎಷ್ಟೋ ಮಂದಿ ಕಾಯಿ ದ್ಯುತಿಸಂಶ್ಲೇಷಣೆ ಮಾಡುವುದೇ ಇಲ್ಲವೆಂದು ಪ್ರಯೋಗ ಮುಗಿಸಿಬಿಡುತ್ತಾರೆ. ಆದರೆ ತಗ್ಗಿದ ಆ ವೇಗವೇ ಇಲ್ಲಿ ಅಳೆಯಬೇಕಾದ ವಸ್ತು.

ಟಮಾಟಿಯ ಸಿಪ್ಪೆಗೆ ಪತ್ರರಂಧ್ರಗಳಿಲ್ಲ, ಮೇಲೆ ಮೇಣದ ಪದರ ಬೇರೆ. ಹೊರಗಿನ ಗಾಳಿ ಒಳಗೆ ಹೋಗುವುದು ಕಷ್ಟ. ಕಾಯಿಯ ಜೀವಕೋಶಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ದಟ್ಟವಾಗಿ ತುಂಬಿರುತ್ತದೆ. ಹಸಿರು ಭಾಗದ, ಪತ್ರಹರಿತ್ತು ತುಂಬಿದ ಕಣಗಳಾದ ಕ್ಲೋರೋಪ್ಲಾಸ್ಟ್‌ಗಳು ಬೆಳಕು ಬಿದ್ದಾಗ ಬಳಸಿಕೊಳ್ಳುವುದು ಹೆಚ್ಚಾಗಿ ಅದನ್ನೇ. ಹಾಗಾಗಿ ಕತ್ತಲಲ್ಲಿ ಹೊರಬರುವ ಪ್ರಮಾಣದಿಂದ ಬೆಳಕಿನಲ್ಲಿ ಹೊರಬರುವುದನ್ನು ಕಳೆದರೆ ಕಾಯಿಯ ದ್ಯುತಿಸಂಶ್ಲೇಷಣೆ ಸರಿಸುಮಾರು ಸಿಗುತ್ತದೆ. ಕಾಯಿ ದೋರೆಯಾಗಿ ಹಣ್ಣಾಗುತ್ತ ಹೋದಂತೆ ಈ ವ್ಯತ್ಯಾಸ ಸೊನ್ನೆಗೆ ಬರಬೇಕು. ಈ ಸಣ್ಣ ವ್ಯತ್ಯಾಸವನ್ನು ಸೋರಿಕೆ, ಕಾವು, ತೊಟ್ಟಿನ ಹಸಿರು ಇವು ನುಂಗದಂತೆ ಕಾಯುವುದೇ ಇಡೀ ಜೋಡಣೆಯ ಕೆಲಸ. ಕಲಬುರಗಿಯ ಹವೆಯಲ್ಲಿ ಹೆಚ್ಚು ಕಾಡುವುದು ಕಾವು.

ಬೇಕಾಗುವ ಸಾಮಾನು

3 ಲೀಟರಿನ ಅಗಲ ಬಾಯಿಯ ಗಾಜಿನ ಬರಣಿ, ತಿರುಪಿನ ತಗಡಿನ ಮುಚ್ಚಳ ಮತ್ತು ರಬ್ಬರ್ ವಾಷರ್ ಇರುವಂಥದ್ದು. ಉಪ್ಪಿನಕಾಯಿ ಹಾಕಿದ್ದ ಹಳೇ ಬರಣಿ ಬೇಡ; ರಬ್ಬರಿನಲ್ಲಿ ಎಣ್ಣೆ, ಹುಳಿ ಕೂತಿರುತ್ತದೆ. 30 ಸೆಂ.ಮೀ. ಉದ್ದ, 20 ಅಗಲ, 25 ಎತ್ತರದ ಮೀನಿನ ಗಾಜಿನ ತೊಟ್ಟಿ. 20 ವ್ಯಾಟಿನ ಬಿಳಿ ಎಲ್‌ಇಡಿ ಫ್ಲಡ್ ಲೈಟ್. ಸೆನ್ಸರುಗಳ ಅಂಕಿ ಓದಲು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡು. ಎಂಎಚ್-ಝಡ್19ಬಿ ಇಂಗಾಲದ ಡೈಆಕ್ಸೈಡ್ ಸೆನ್ಸರ್. ಡಿಎಸ್18ಬಿ20 ತಾಪಮಾನ ಸೆನ್ಸರ್ ಎರಡು: ಬರಣಿಯ ಒಳಗಿಡಲು ಮೂರು ಕಾಲಿನ ಬರಿಯ ಬಿಡಿಭಾಗ ಒಂದು, ತೊಟ್ಟಿಯ ನೀರಿಗೆ ಉಕ್ಕಿನ ಕವಚದ್ದು ಒಂದು. ಅವಕ್ಕೆ 4.7 ಕಿಲೋಓಮ್ ರೆಸಿಸ್ಟರ್ ಒಂದು. 5 ವೋಲ್ಟಿನ ಪುಟ್ಟ ಫ್ಯಾನ್, 30 ಅಥವಾ 40 ಮಿ.ಮೀ. ಪಿನ್ ಹೆಡರ್ ಪಟ್ಟಿ, ಎಂ-ಸೀಲ್, ವ್ಯಾಸಲೀನ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, 1 ಗ್ರಾಂ ವರೆಗೆ ತೋರಿಸುವ ತಕ್ಕಡಿ, ಪವರ್ ಬ್ಯಾಂಕ್. ಕೊನೆಗೆ ಶಹಾಬಾದ್ ಫರಸಿ ಕಲ್ಲಿನ ಒಂದು ತುಂಡು. ಅದರ ಕೆಲಸ ಮುಂದೆ ಬರುತ್ತದೆ.

ಸೆನ್ಸರ್ ಕೊಳ್ಳುವಾಗ ಒಂದು ಎಚ್ಚರಿಕೆ. ಎಂಕ್ಯೂ-135 ಅನ್ನು ಇಂಗಾಲದ ಡೈಆಕ್ಸೈಡ್ ಸೆನ್ಸರ್ ಎಂದು ಹೇಳಿ ಮಾರುವುದುಂಟು. ಅದು ಬಿಸಿ ಮಾಡಿದ ತವರದ ಆಕ್ಸೈಡಿನ ಮೇಲೆ ನಡೆಯುವ ಸೆನ್ಸರ್; ಆಲ್ಕೋಹಾಲ್, ಅಮೋನಿಯ, ಹೊಗೆ ಎಲ್ಲಕ್ಕೂ ಕೈ ಎತ್ತುತ್ತದೆ. ಮಾಗುತ್ತಿರುವ ಹಣ್ಣು ಎಥಿಲೀನ್ (ಮಾಗಿಸುವ ಅನಿಲ), ಎಥೆನಾಲ್, ಪರಿಮಳದ ಆವಿಗಳನ್ನು ಬಿಡುವುದರಿಂದ ಈ ಕೆಲಸಕ್ಕೆ ಅದು ಸುತರಾಂ ಆಗದು. ಸಿಸಿಎಸ್811, ಎಸ್‌ಜಿಪಿ30 ಇವು ತೋರಿಸುವುದೂ ಬೇರೆ ಆವಿಗಳಿಂದ ಊಹಿಸಿ ಹೇಳುವ ಅಂಕಿ. ಅತಿಗೆಂಪು ಬೆಳಕನ್ನು ಇಂಗಾಲದ ಡೈಆಕ್ಸೈಡ್ ಎಷ್ಟು ಹೀರಿತು ಎಂದು ನೋಡುವ ಸೆನ್ಸರೇ ಬೇಕು. ಎಂಎಚ್-ಝಡ್19ಬಿ ಆ ಜಾತಿಯದು, 5000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಅಳತೆ) ವರೆಗಿನ ಮಾದರಿ ಸಾಕು.

ಮುಚ್ಚಳದ ಕೆಲಸ

ಸೋರಿಕೆ ಬರುವುದೆಲ್ಲ ಮುಚ್ಚಳದಿಂದ. ವೈರುಗಳನ್ನು ನೇರವಾಗಿ ತೂತಿನಲ್ಲಿ ತೂರಿಸಿ ಸುತ್ತ ಅಂಟು ಹಾಕಿದರೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಗಾಳಿ ನುಸುಳುತ್ತದೆ. ವೈರಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ತಂತಿಯ ಎಳೆಗಳ ನಡುವೆ ಸಂದುಗಳಿವೆ, ಗಾಳಿ ಆ ದಾರಿಯಲ್ಲೇ ಓಡಾಡುತ್ತದೆ. ಕವಚವಿರುವ ಡಿಎಸ್18ಬಿ20 ಕೇಬಲ್ಲಿನಲ್ಲಿ ಈ ದಾರಿ ಇನ್ನೂ ಅಗಲ. ಅದಕ್ಕೇ ಒಳಗೆ ಬರಿಯ ಬಿಡಿಭಾಗ, ಹೊರಗೆ ಕವಚದ್ದು.

ಮುಚ್ಚಳದ ನಡುವೆ ಏಳು ಪಿನ್ನಿನ ಹೆಡರ್ ಪಟ್ಟಿ ಕೂರುವಷ್ಟು ಸೀಳು ಮಾಡಿ. 3 ಮಿ.ಮೀ. ಬಿಟ್‌ನಿಂದ ಸಾಲಾಗಿ ತೂತು ಕೊರೆದು ಸಣ್ಣ ಅರದಿಂದ ಸೇರಿಸಿದರಾಯಿತು. ಅಂಚಿನ ಮುಳ್ಳುಗಳನ್ನೆಲ್ಲ ತೆಗೆಯಿರಿ. ಪಿನ್ನುಗಳು ಗಟ್ಟಿ ಲೋಹ, ಒಳಗೆ ಗಾಳಿಗೆ ದಾರಿಯಿಲ್ಲ. ಪಟ್ಟಿಯನ್ನು ಸೀಳಿನಲ್ಲಿ ನಿಲ್ಲಿಸಿ, ಪಿನ್ನು ತಗಡಿಗೆ ತಾಗದಂತೆ ನೋಡಿಕೊಂಡು, ಮೇಲೂ ಕೆಳಗೂ ಎಂ-ಸೀಲ್ ಒತ್ತಿ. ಅದಕ್ಕೂ ಮೊದಲು ತಗಡಿನ ಬಣ್ಣವನ್ನು ಆ ಜಾಗದಲ್ಲಿ ಉಜ್ಜುಕಾಗದದಿಂದ ಕೆರೆದು ತೆಗೆಯಬೇಕು. ಬಣ್ಣದ ಮೇಲೆ ಕೂತ ಎಂ-ಸೀಲ್ ಬಣ್ಣದ ಸಮೇತ ಏಳುತ್ತದೆ. ಒಂದು ದಿನ ಒಣಗಲಿ. ಹಾಟ್ ಗ್ಲೂ ಇಲ್ಲಿ ನಿಲ್ಲುವುದಿಲ್ಲ, ಬಿಸಿಲಿಗೆ ಮೆತ್ತಗಾಗಿ ಅಂಚು ಬಿಡುತ್ತದೆ. ಸಿಲಿಕೋನ್ ಹಾಕುವುದಾದರೆ ಸಿರ್ಕಾ ವಾಸನೆ ಬರುವ ಬಗೆ ಬೇಡ. ಅದರ ಹುಳಿ ಆವಿ ತಾಮ್ರವನ್ನು ತಿನ್ನುತ್ತದೆ.

ಏಳು ಪಿನ್ನುಗಳ ಲೆಕ್ಕ: 5 ವೋಲ್ಟ್, ಗ್ರೌಂಡ್, ಸೆನ್ಸರಿನ ಟಿಎಕ್ಸ್ (ಸಂದೇಶ ಕಳಿಸುವ ಪಿನ್ನು), ಆರ್‌ಎಕ್ಸ್ (ಪಡೆಯುವ ಪಿನ್ನು), ಡಿಎಸ್18ಬಿ20ಯ ಡೇಟಾ, ಅದರ 3.3 ವೋಲ್ಟ್, ಫ್ಯಾನಿನ ಪ್ಲಸ್. ಗ್ರೌಂಡ್ ಮೂರಕ್ಕೂ ಒಂದೇ. ಎಂಎಚ್-ಝಡ್19ಬಿಗೆ ಶಕ್ತಿ 5 ವೋಲ್ಟ್ ಬೇಕು, ಆದರೆ ಅದರ ಸಂದೇಶದ ಮಟ್ಟ 3.3 ವೋಲ್ಟ್, ಹಾಗಾಗಿ ಇಎಸ್‌ಪಿ32ಕ್ಕೆ ನೇರ ಕೊಡಬಹುದು. ಸೆನ್ಸರಿನ ಟಿಎಕ್ಸ್ ಬೋರ್ಡಿನ 16ನೇ ಪಿನ್ನಿಗೆ, ಆರ್‌ಎಕ್ಸ್ 17ಕ್ಕೆ, ಸಂದೇಶದ ವೇಗ 9600 ಬಾಡ್. ಸೆನ್ಸರನ್ನು ಮುಚ್ಚಳದ ಒಳಮೈಗೆ ಹತ್ತಿರ ಕಟ್ಟಿ, ಕೆಳಗೊಂದು ಫಾಯಿಲ್ ಛತ್ರಿ ಇಟ್ಟು ನೇರ ಬೆಳಕು ತಪ್ಪಿಸಿ. ಫ್ಯಾನು ಪ್ರಯೋಗದ ಉದ್ದಕ್ಕೂ ಓಡಲಿ. ಅದೂ ಸ್ವಲ್ಪ ಕಾವು ಕೊಡುತ್ತದೆ, ಆದರೆ ಕತ್ತಲಿಗೂ ಬೆಳಕಿಗೂ ಸಮನಾಗಿ ಕೊಟ್ಟರೆ ಲೆಕ್ಕ ಕೆಡುವುದಿಲ್ಲ.

ಸೋರಿಕೆ ಪರೀಕ್ಷೆ ಹೀಗೆ. ಬರಣಿಯೊಳಗೆ ಒಮ್ಮೆ ಮೆಲ್ಲಗೆ ಉಸಿರು ಬಿಟ್ಟು ಮುಚ್ಚಿ. ನಮ್ಮ ಉಸಿರಿನಲ್ಲಿ ಶೇ. 4ರಷ್ಟು, ಎಂದರೆ 40,000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಸ್ವಲ್ಪವೇ ಸಾಕು, 3000ದ ಸುತ್ತ ನಿಲ್ಲಲಿ. ಒಂದು ಗಂಟೆಯಲ್ಲಿ 60 ಪಿಪಿಎಂಗಿಂತ ಹೆಚ್ಚು ಇಳಿದರೆ ಮುಚ್ಚಳ ಬಿಚ್ಚಿ ನೋಡಬೇಕು. ಮೊದಲು ರಬ್ಬರ್ ವಾಷರಿಗೆ ವ್ಯಾಸಲೀನನ್ನು ತೆಳ್ಳಗೆ ಸವರಿ ಮತ್ತೆ ಪರೀಕ್ಷಿಸಿ, ಬಹಳಷ್ಟು ಸಲ ಅಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಮುಚ್ಚಿದ ಬರಣಿಯನ್ನು ತಲೆಕೆಳಗು ಮಾಡದೆ ಮುಚ್ಚಳದ ಮೇಲೆ ಸೋಪಿನ ನೀರು ಸವರಿ, ಬರಣಿಯನ್ನು ಅಂಗೈಗಳಿಂದ ಬೆಚ್ಚಗೆ ಹಿಡಿದು ಗುಳ್ಳೆ ಎಲ್ಲೇಳುತ್ತದೆ ನೋಡಿ.

ಸೆನ್ಸರಿನ ಒಂದು ಗುಣ ಗೊತ್ತಿಲ್ಲದಿದ್ದರೆ

ಎಂಎಚ್-ಝಡ್19ಬಿ ತನ್ನಷ್ಟಕ್ಕೆ ತಾನೇ ಸೊನ್ನೆ ತಿದ್ದಿಕೊಳ್ಳುತ್ತದೆ. 24 ಗಂಟೆಯಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ, ಅಂದರೆ 400 ಪಿಪಿಎಂ ಎಂದು ಅದು ನಂಬುತ್ತದೆ. ಆಫೀಸಿನ ಗೋಡೆಗೆ ಇದು ಸರಿ. ಮುಚ್ಚಿದ ಬರಣಿಯಲ್ಲಿ ರಾತ್ರಿಯಿಡೀ ಕಾಯಿ ಇದ್ದರೆ ಕಡಿಮೆ ಎಂದರೂ 2000 ಇರಬಹುದು. ಅದನ್ನೇ 400 ಎಂದು ತಿದ್ದಿಕೊಂಡು ಮುಂದಿನ ಅಂಕಿಗಳನ್ನೆಲ್ಲ ಕೆಡಿಸುತ್ತದೆ. ಆನ್ ಮಾಡಿದ ಕೂಡಲೇ ಈ ಗುಣವನ್ನು ನಿಲ್ಲಿಸಬೇಕು. ಕಳಿಸಬೇಕಾದ ಒಂಬತ್ತು ಬೈಟುಗಳು ಹದಿನಾರರ ಎಣಿಕೆಯಲ್ಲಿ: ಎಫ್‌ಎಫ್, 01, 79, 00, 00, 00, 00, 00, 86. ಓದುವ ಆಜ್ಞೆ: ಎಫ್‌ಎಫ್, 01, 86, 00, 00, 00, 00, 00, 79. ಕೊನೆಯ ಬೈಟು ತಾಳೆ ನೋಡುವ ಮೊತ್ತ. ಮೊದಲನೆಯದನ್ನು ಬಿಟ್ಟು ಉಳಿದ ಏಳನ್ನು ಕೂಡಿ, ಎಫ್‌ಎಫ್‌ನಿಂದ ಕಳೆದು, 1 ಸೇರಿಸಿದರೆ ಬರುತ್ತದೆ. ಉತ್ತರವಾಗಿ ಬರುವ ಒಂಬತ್ತು ಬೈಟುಗಳಲ್ಲಿ ಮೂರನೆಯದನ್ನು 256ರಿಂದ ಗುಣಿಸಿ ನಾಲ್ಕನೆಯದನ್ನು ಕೂಡಿದರೆ ಪಿಪಿಎಂ.

ಆನ್ ಮಾಡಿದ ಮೊದಲ 3 ನಿಮಿಷದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವೆ ಕರೆಂಟ್ ಹೋಗಿ ಬಂದರೆ ಸೆನ್ಸರ್ ಮತ್ತೆ ಕಾಯ್ದುಕೊಳ್ಳಬೇಕು, ಇಡೀ ಓಟವೇ (ಒಂದು ಸಲದ ಅಳತೆಯೇ) ವ್ಯರ್ಥ. ಅದಕ್ಕೇ ಬೋರ್ಡು, ಸೆನ್ಸರು, ಫ್ಯಾನು ಮೂರನ್ನೂ ಪವರ್ ಬ್ಯಾಂಕಿನಿಂದ ನಡೆಸುವುದು ಒಳ್ಳೆಯದು. ದೀಪ ಮಾತ್ರ ಮನೆಯ ಕರೆಂಟಿನದು.

ಇನ್ನೊಂದು ಮಾತು ಎತ್ತರದ್ದು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಬೀದರ್ 600 ಮೀಟರಿಗೂ ಮೇಲೆ. ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಈ ಬಗೆಯ ಸೆನ್ಸರ್ ಶೇ. 5ರಿಂದ 7ರಷ್ಟು ಕಡಿಮೆ ತೋರಿಸುತ್ತದೆ. ಕತ್ತಲು, ಬೆಳಕು ಎರಡನ್ನೂ ಒಂದೇ ಸೆನ್ಸರಿನಲ್ಲಿ ಅಳೆಯುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಬೇರೆ ಊರಿನವರ ಅಂಕಿಯ ಜೊತೆ ಇಟ್ಟು ನೋಡುವಾಗ ನೆನಪಿರಲಿ.

ನೀರಿನ ತೊಟ್ಟಿ ಯಾಕೆ

ಉಸಿರಾಟದ ವೇಗ ತಾಪಮಾನ 10 ಡಿಗ್ರಿ ಏರಿದಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಂದರೆ 1 ಡಿಗ್ರಿಗೆ ಶೇ. 7. ಈಗ ಲೆಕ್ಕ ಹಾಕಿ. ಕತ್ತಲಲ್ಲಿ ನಿಮಿಷಕ್ಕೆ 30 ಪಿಪಿಎಂ ಏರುತ್ತಿರುವ ಕಾಯಿಗಳಿವೆ ಎನ್ನೋಣ. ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ 8 ಪಿಪಿಎಂನಷ್ಟು ಹಿಡಿದಿಟ್ಟರೆ 22 ಕಾಣಬೇಕು. ಆದರೆ ದೀಪದ ಕಾವಿಗೆ ಕಾಯಿ 3 ಡಿಗ್ರಿ ಬಿಸಿಯಾದರೆ ಉಸಿರಾಟ ಶೇ. 23 ಏರಿ 37ರ ಹತ್ತಿರ ಹೋಗುತ್ತದೆ. ಅದರಿಂದ 8 ಕಳೆದರೆ 29. ಕತ್ತಲಲ್ಲಿ 30, ಬೆಳಕಲ್ಲಿ 29, ಕಾಯಿ ಏನೂ ಮಾಡುತ್ತಿಲ್ಲ ಎಂಬ ಸುಳ್ಳು ಉತ್ತರ ಕೈಗೆ ಬರುತ್ತದೆ. ಇಂಥ ಪ್ರಯೋಗಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಬರಣಿಯನ್ನು ತೊಟ್ಟಿಯಲ್ಲಿಟ್ಟು 15 ಸೆಂ.ಮೀ. ಎತ್ತರಕ್ಕೆ ನೀರು ತುಂಬಿ. ಬರಣಿ ಹಿಡಿದ ಜಾಗ ಬಿಟ್ಟು ಆರೂವರೆ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ದೀಪದ ಬೆಳಕು ಗಾಜು, ನೀರು ದಾಟಿ ಕಾಯಿಯನ್ನು ಮುಟ್ಟುತ್ತದೆ, ಕಾವು ನೀರಿಗೆ ಹೋಗುತ್ತದೆ. 20 ವ್ಯಾಟ್ ದೀಪದಿಂದ ಮೂರ್ನಾಲ್ಕು ವ್ಯಾಟ್ ತೊಟ್ಟಿಗೆ ಸೇರಿದರೂ 40 ನಿಮಿಷದಲ್ಲಿ ಇಷ್ಟು ನೀರು ಏರುವುದು ಸುಮಾರು 0.3 ಡಿಗ್ರಿ ಮಾತ್ರ. ಬರಣಿಯೊಳಗೆ ಗಾಳಿಯೇ ಹೆಚ್ಚಿರುವುದರಿಂದ ಅದು ತೇಲಿ ವಾಲುತ್ತದೆ. 20 ಸೆಂ.ಮೀ. ಚೌಕದ, ಒಂದಿಂಚು ದಪ್ಪದ ಶಹಾಬಾದ್ ಕಲ್ಲು ಎರಡೂವರೆ ಕಿಲೋ ತೂಗುತ್ತದೆ. ಪಿನ್ನುಗಳಿಗೆ ತಾಗದಂತೆ ಮುಚ್ಚಳದ ಅಂಚಿನಲ್ಲಿ ಎರಡು ಮರದ ಪಟ್ಟಿ ಇಟ್ಟು ಅದರ ಮೇಲೆ ಹೇರಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ ಬೆಳಕು ಕುಂದುತ್ತದೆ. ನಿಂಬೆರಸದಲ್ಲಿ ಒರೆಸಿದರೆ ಹೋಗುತ್ತದೆ. ಆದರೆ ಹುಳಿ ತಾಗಿದ ಸುಣ್ಣದ ಪೊರೆ ಇಂಗಾಲದ ಡೈಆಕ್ಸೈಡನ್ನೇ ಬಿಡುತ್ತದೆ, ಬರಣಿಯ ಒಳಗನ್ನು ಹೀಗೆ ಒರೆಸಿದ್ದರೆ ಚೆನ್ನಾಗಿ ತೊಳೆದು ಒಣಗಿಸಿಯೇ ಬಳಸಬೇಕು.

ಎರಡು ಡಿಎಸ್18ಬಿ20ಗಳನ್ನು ಜೋಡಿಸುವ ಮುನ್ನ ಒಂದೇ ಲೋಟದ ನೀರಿನಲ್ಲಿ (ಬರಿಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ) ಹತ್ತು ನಿಮಿಷ ಇಟ್ಟು ಅವುಗಳ ನಡುವಿನ ಅಂತರ ಬರೆದುಕೊಳ್ಳಿ. ಒಂದೊಂದೂ 0.5 ಡಿಗ್ರಿ ಆಚೀಚೆ ಇರಬಹುದು, ಆ ಅಂತರವನ್ನು ಪ್ರೋಗ್ರಾಮಿನಲ್ಲೇ ಕಳೆಯಬೇಕು. ಒಳಗಿನದನ್ನು ಕಾಯಿಯ ನೆರಳಿನ ಬದಿಗೆ ತಾಗಿಸಿ. ಕಾಯಿಗೆ ಚುಚ್ಚಬೇಡಿ, ಗಾಯವಾದ ಕಾಯಿಯ ಉಸಿರಾಟ ಏರುತ್ತದೆ.

ಪ್ರಯೋಗಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕಲಬುರಗಿಯ ಹಗಲು 40 ಡಿಗ್ರಿ ದಾಟುತ್ತದೆ. ತೊಟ್ಟಿಯ ನೀರನ್ನು 25 ಡಿಗ್ರಿಗೆ ಹಿಡಿದರೂ ಕಾಯಿಗಳನ್ನು ಮಾಗಿಸಲು ಇಡುವ ಜಾಗವೇ ಬಿಸಿ. 30 ಡಿಗ್ರಿ ಮೀರಿದರೆ ಟಮಾಟಿಯಲ್ಲಿ ಕೆಂಪು ಬಣ್ಣದ ಲೈಕೋಪೀನ್ ತಯಾರಿಕೆ ಕುಂಠಿತವಾಗುತ್ತದೆ. ಹಸಿರು ಹೋಗುತ್ತದೆ, ಕೆಂಪು ಬರುವುದಿಲ್ಲ, ಹಣ್ಣು ಹಳದಿ ಕೇಸರಿಯಲ್ಲೇ ನಿಲ್ಲುತ್ತದೆ. ಆಗ ಬಣ್ಣ ನೋಡಿ ಹಂತ ಹೇಳಲು ಆಗುವುದಿಲ್ಲ. ಬೇಸಿಗೆಯಲ್ಲೇ ಮಾಡಬೇಕಾದರೆ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ, ನೆರಳಿನಲ್ಲಿ ಗಾಳಿಗೆ ಇಡಿ. ಏಪ್ರಿಲ್, ಮೇ ತಿಂಗಳ ಒಣಗಾಳಿಯಲ್ಲಿ ಚೆನ್ನಾಗಿ ತಂಪಾಗುತ್ತದೆ, ಮಳೆಗಾಲದಲ್ಲಿ ಅಷ್ಟಾಗಿ ಇಲ್ಲ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. 10–12 ಡಿಗ್ರಿಗಿಂತ ಕೆಳಗೆ ಹಸಿರು ಟಮಾಟಿಗೆ ಚಳಿಯ ಪೆಟ್ಟು ಬಿದ್ದು ಮುಂದೆ ಸರಿಯಾಗಿ ಮಾಗುವುದಿಲ್ಲ.

ಕಾಯಿಗಳ ಆಯ್ಕೆ

ಸಂತೆಯ ಟಮಾಟಿ ಎಂದು ಕಿತ್ತದ್ದು, ಏನು ಸಿಂಪಡಿಸಿದ್ದು ತಿಳಿಯುವುದಿಲ್ಲ. ತೋಟದಿಂದಲೇ ಒಂದೇ ಗಿಡದ, ಒಂದೇ ಗಾತ್ರದ ಕಾಯಿ ತನ್ನಿ. ಕಾಯಿ ಬಲಿತಿದೆಯೋ ಇಲ್ಲವೋ ತಿಳಿಯಲು ಅದೇ ಗಾತ್ರದ ಒಂದನ್ನು ಹರಿತವಾದ ಚಾಕುವಿನಿಂದ ಅಡ್ಡ ಕೊಯ್ಯಿರಿ. ಒಳಗೆ ಲೋಳೆ ಕಟ್ಟಿ ಬೀಜಗಳು ಚಾಕುವಿಗೆ ಸಿಗದೆ ಜಾರಿದರೆ ಬಲಿತಿದೆ. ಬೀಜ ಕತ್ತರಿಸಿದರೆ ಇನ್ನೂ ಎಳಸು, ಕಿತ್ತ ಮೇಲೆ ಅದು ಚೆನ್ನಾಗಿ ಮಾಗದು. ಜವಾರಿ ಟಮಾಟಿ ಸಿಕ್ಕರೆ ಬಿಡಬೇಡಿ. ತೊಟ್ಟಿನ ಸುತ್ತ ಕಡುಹಸಿರು ಹೆಗಲು ಇರುವ ಕಾಯಿಗಳಲ್ಲಿ ಕ್ಲೋರೋಪ್ಲಾಸ್ಟ್ ಹೆಚ್ಚು. ಒಂದೇ ಸಮನೆ ತಿಳಿಹಸಿರು ಇರುವ ತಳಿಗಳನ್ನು ತಳಿಗಾರರು ದಶಕಗಳಿಂದ ಆರಿಸುತ್ತ ಬಂದರು. ಹಾಗೆ ಆರಿಸಿದಾಗ ಕಾಯಿಯಲ್ಲಿ ಕ್ಲೋರೋಪ್ಲಾಸ್ಟ್ ಬೆಳೆಸುವ ಜಿಎಲ್‌ಕೆ2 ಎಂಬ ಜೀನ್ ಕೆಟ್ಟಿರುವ ಗಿಡಗಳೇ ಆಯ್ಕೆಯಾದವು, ಹಣ್ಣಿನ ಸಕ್ಕರೆಯೂ ಅದರೊಡನೆ ತಗ್ಗಿತು ಎಂಬುದು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಹಸಿರು ಹೆಗಲಿನ ಮೂರು ಕಾಯಿ, ತಿಳಿಹಸಿರಿನ ಮೂರು ಕಾಯಿ ಬೇರೆ ಬೇರೆ ಅಳೆದರೆ ಈ ಬರಣಿಯ ಅತ್ಯುತ್ತಮ ಉಪಯೋಗ ಅದೇ.

ಮೂರು ಕಾಯಿ ಸೇರಿ 250 ಗ್ರಾಂ ಸುತ್ತ ಇರಲಿ. ತೊಟ್ಟನ್ನೂ ಅದರ ಹಸಿರು ನಕ್ಷತ್ರವನ್ನೂ ಒಂದು ದಿನ ಮೊದಲೇ ತೆಗೆದುಬಿಡಿ. ಇದನ್ನು ಮರೆತರೆ ವಿಚಿತ್ರ ಫಲಿತಾಂಶ ಬರುತ್ತದೆ: ಹಣ್ಣು ಪೂರ್ತಿ ಕೆಂಪಾದ ಮೇಲೂ ಬೆಳಕಿನಲ್ಲಿ ವ್ಯತ್ಯಾಸ ಕಾಣುತ್ತಲೇ ಇರುತ್ತದೆ. ಅದು ಹಣ್ಣಿನದಲ್ಲ, ಇನ್ನೂ ಹಸಿರಾಗಿರುವ ಆ ಪುಟ್ಟ ದಳಗಳದು. ಒಂದು ದಿನ ಕಾಯುವುದು ಕಿತ್ತ ಗಾಯದ ಉಸಿರಾಟ ಇಳಿಯಲೆಂದು. ತೊಟ್ಟಿನ ಗುರುತಿಗೆ ಮೇಣ, ವ್ಯಾಸಲೀನ್ ಹಚ್ಚಬಾರದು. ಕಿತ್ತ ಟಮಾಟಿಯ ಒಳಗಾಳಿ ಹೊರಬರುವುದು ಬಹುಪಾಲು ಅಲ್ಲಿಂದಲೇ. ಕಾಯಿಗಳನ್ನು ಆ ಗುರುತು ಮೇಲೆ ಬರುವಂತೆ ಕೂರಿಸಿ.

ಓಟ

ಕಾಯಿಗಳನ್ನು ಎರಡು ತಾಸು ತೊಟ್ಟಿಯ ಪಕ್ಕದಲ್ಲೇ ಇಟ್ಟು ತಾಪಮಾನ ಹೊಂದಿಕೊಳ್ಳಲಿ. ದೀಪವನ್ನು ತೊಟ್ಟಿಯಿಂದ 15 ಸೆಂ.ಮೀ. ದೂರದಲ್ಲಿ ಹಚ್ಚಿ, ತೊಟ್ಟಿಗೂ ಅದಕ್ಕೂ ನಡುವೆ ಫಾಯಿಲ್ ಅಂಟಿಸಿದ ರಟ್ಟು ನಿಲ್ಲಿಸಿ. ಎಲ್‌ಇಡಿ ಹತ್ತಿದ ಮೊದಲ ಹತ್ತು ಹದಿನೈದು ನಿಮಿಷ ಅದರ ಬೆಳಕು ಮೆಲ್ಲಗೆ ಕುಂದುತ್ತದೆ; ದೀಪ ಹೊತ್ತಿರಲಿ, ಕತ್ತಲು ಬೆಳಕು ಎರಡನ್ನೂ ರಟ್ಟಿನಿಂದ ಮಾಡಿ. ಬೆಳಕಿನ ಪ್ರಮಾಣವನ್ನು ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಬರಣಿಯ ಜಾಗದಲ್ಲಿ ನೋಡಿ ಬರೆದಿಡಿ. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ ಬೆಳಕು ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂಬ ಲೆಕ್ಕದಲ್ಲಿ ಅಂದಾಜಿಗೆ ಸಿಗುತ್ತದೆ. 20,000 ಲಕ್ಸ್ ಎಂದರೆ 285ರ ಸುತ್ತ. ನೆತ್ತಿಯ ಮೇಲಿನ ಬಿಸಿಲು 2000.

ಮುಚ್ಚಳವನ್ನು ಕಿಟಕಿಯ ಹತ್ತಿರ ಮುಚ್ಚಿ, ಮುಖ ದೂರವಿರಲಿ. ಆರಂಭದ ಅಂಕಿ 600ಕ್ಕಿಂತ ಮೇಲಿದ್ದರೆ ತೆಗೆದು ಗಾಳಿಯಾಡಿಸಿ ಮತ್ತೆ ಮುಚ್ಚಿ. ಆಮೇಲೆ 25 ನಿಮಿಷ ಕತ್ತಲು, 40 ನಿಮಿಷ ಬೆಳಕು, ಮತ್ತೆ 25 ನಿಮಿಷ ಕತ್ತಲು. 10 ಸೆಕೆಂಡಿಗೊಂದು ಅಂಕಿ. ನಿಮಿಷಕ್ಕೆ 30 ಪಿಪಿಎಂ ಏರಿದರೂ ಕೊನೆಗೆ 3200ರ ಸುತ್ತ ಬರುತ್ತದೆ, ಸೆನ್ಸರಿನ ಮಿತಿಯೊಳಗೇ ಇದೆ. ಬೆಳಕಿನ ಮೊದಲ 15 ನಿಮಿಷವನ್ನೂ ಎರಡನೇ ಕತ್ತಲಿನ ಮೊದಲ 10 ನಿಮಿಷವನ್ನೂ ಲೆಕ್ಕದಿಂದ ಬಿಡಿ. ಕಾಯಿಯ ಒಳಗಿನ ಗಾಳಿ ತೊಟ್ಟಿನ ಕಿರಿದಾದ ದಾರಿಯಿಂದ ಹೊರಬರುವುದರಿಂದ ಒಳಗೆ ಆದ ಬದಲಾವಣೆ ಹೊರಗೆ ತಡವಾಗಿ ಕಾಣುತ್ತದೆ. ಐದು ನಿಮಿಷ ಬೆಳಕು ಬಿಟ್ಟು ಏನೂ ಆಗಲಿಲ್ಲ ಎಂದು ತೀರ್ಮಾನಿಸುವುದು ಅವಸರ. ಎರಡು ಕತ್ತಲುಗಳ ಸರಾಸರಿಯನ್ನು ಬೆಳಕಿನೊಡನೆ ಹೋಲಿಸಬೇಕು. ಒಂದೇ ಕತ್ತಲು ಸಾಲದು, ಉಸಿರಾಟ ತನ್ನಷ್ಟಕ್ಕೇ ಏರಿಳಿಯುತ್ತಿದ್ದರೆ ಅದೇ ಬೆಳಕಿನ ಪರಿಣಾಮದಂತೆ ಕಾಣುತ್ತದೆ.

ಪ್ರತಿ ತುಂಡಿನ ಇಳಿಜಾರನ್ನು ಸ್ಪ್ರೆಡ್‌ಶೀಟಿನ ಸ್ಲೋಪ್ ಸೂತ್ರದಿಂದ ತೆಗೆಯಿರಿ. ನಂತರ: ಇಳಿಜಾರು (ನಿಮಿಷಕ್ಕೆ ಪಿಪಿಎಂ) × 60 × ಗಾಳಿಯ ಜಾಗ (ಲೀಟರ್) ÷ 1000 ÷ ಕಾಯಿಯ ತೂಕ (ಕಿಲೋ). ಬರಣಿಯ ನಿಜವಾದ ಗಾತ್ರವನ್ನು ನೀರು ತುಂಬಿ ತೂಗಿ ತಿಳಿಯಿರಿ, ಅದರಿಂದ ಕಾಯಿಯ ಗಾತ್ರ ಕಳೆಯಿರಿ. 250 ಗ್ರಾಂ ಕಾಯಿಗೆ 250 ಮಿ.ಲೀ. ಎಂದು ಹಿಡಿದರೆ ಸಾಕು. ಮೇಲಿನ ಮಾದರಿ ಅಂಕಿಯಲ್ಲಿ 30 × 60 × 2.75 ÷ 1000 ÷ 0.25 ಎಂದರೆ ಕಿಲೋಗೆ ತಾಸಿಗೆ 19.8 ಮಿ.ಲೀ. ಬಲಿತ ಹಸಿರು ಟಮಾಟಿ 25 ಡಿಗ್ರಿಯಲ್ಲಿ ಸುಮಾರು 18ರಿಂದ 26 ಮಿ.ಲೀ. ಬಿಡುತ್ತದೆ. ನಿಮ್ಮ ಕತ್ತಲಿನ ಅಂಕಿ ಇದರ ಅರ್ಧಕ್ಕೂ ಕಡಿಮೆ ಬಂದರೆ ಸೋರಿಕೆ ಹುಡುಕಿ. ಎರಡರಷ್ಟಾದರೆ ಕಾಯಿಯ ಗಾಯ, ಬೂಷ್ಟು, ಇಲ್ಲವೇ ಹೆಚ್ಚಿದ ತಾಪಮಾನವನ್ನು ಹುಡುಕಿ. ಬೂಷ್ಟು ಕೂಡ ಉಸಿರಾಡುತ್ತದೆ, ಬಿಳಿ ಚುಕ್ಕೆ ಕಂಡ ಕಾಯಿಯನ್ನು ಮುಲಾಜಿಲ್ಲದೆ ತೆಗೆಯಬೇಕು.

ಅಳತೆ ಸರಿಯೆಂದು ತಿಳಿಯಲು ಒಂದು ಸಾಕ್ಷಿ ಓಟ ಕಡ್ಡಾಯ. ಅದೇ ಹಸಿರು ಕಾಯಿಗಳಿಗೆ ಸಡಿಲವಾಗಿ ಫಾಯಿಲ್ ಸುತ್ತಿ, ತೊಟ್ಟಿನ ಗುರುತಿನ ಮೇಲೆ ಸೂಜಿಯಿಂದ ನಾಲ್ಕಾರು ತೂತು ಮಾಡಿ, ಇಡೀ ಓಟವನ್ನು ಮತ್ತೆ ನಡೆಸಿ. ಕಾಯಿಗೆ ಬೆಳಕಿಲ್ಲ, ಬರಣಿಗೆ ದೀಪದ ಕಾವು ಮಾತ್ರ ಇದೆ. ಈಗ ಕತ್ತಲು, ಬೆಳಕಿನ ಇಳಿಜಾರು ಒಂದೇ ಬರಬೇಕು. ಬೆಳಕಿನದು ಹೆಚ್ಚು ಬಂದರೆ ಕಾವು ನುಸುಳಿದೆ: ನೀರು ಹೆಚ್ಚಿಸಿ, ದೀಪ ದೂರ ಸರಿಸಿ. ಕಡಿಮೆ ಬಂದರೆ ಸೆನ್ಸರಿಗೆ ಬೆಳಕು ತಾಗುತ್ತಿದೆ ಅಥವಾ ಗಾಜಿನ ಒಳಮೈಯಲ್ಲಿ ಬೆವರು ಕಟ್ಟಿದೆ. ಬೆವರು ಕಟ್ಟುವುದು ತೊಟ್ಟಿಯ ನೀರು ಕಾಯಿಗಿಂತ ತಣ್ಣಗಿದ್ದಾಗ, ಹಾಗಾಗಿ ನಲ್ಲಿಯಿಂದ ಆಗತಾನೆ ಹಿಡಿದ ನೀರು ತುಂಬಬೇಡಿ.

ಮಾಗುವ ಹಂತಗಳಲ್ಲಿ ಏನು ಕಾಣುತ್ತದೆ

ಅದೇ ಮೂರು ಕಾಯಿಗಳನ್ನು ಪ್ರತಿ ಹಂತದಲ್ಲೂ ತೂಗಿ ಅಳೆಯುತ್ತ ಹೋಗಬೇಕು. ಬಣ್ಣದ ಹಂತಗಳು ಆರು: ಬಲಿತ ಹಸಿರು, ತುದಿಯಲ್ಲಿ ಬಣ್ಣ ಒಡೆದದ್ದು (ಮೈಯ ಶೇ. 10 ಮೀರದು), ಶೇ. 10ರಿಂದ 30 ತಿರುಗಿದ ದೋರೆಗಾಯಿ, ಶೇ. 30ರಿಂದ 60 ನಸುಗೆಂಪು, ಶೇ. 60ರಿಂದ 90 ತಿಳಿಗೆಂಪು. ಅದರ ಮೇಲೆ ಪೂರ್ಣ ಕೆಂಪು.

ಬಣ್ಣ ಒಡೆಯುವ ಹೊತ್ತಿಗೆ ಟಮಾಟಿಯ ಎಥಿಲೀನ್ ಏರುತ್ತದೆ, ಅದರೊಡನೆ ಉಸಿರಾಟವೂ ಜಿಗಿಯುತ್ತದೆ. ಇಲ್ಲಿ ಲೆಕ್ಕದ ಒಂದು ಬಲೆ ಇದೆ. ವ್ಯತ್ಯಾಸವನ್ನು ಶೇಕಡಾದಲ್ಲಷ್ಟೇ ಬರೆದರೆ, ದ್ಯುತಿಸಂಶ್ಲೇಷಣೆ ಇದ್ದಷ್ಟೇ ಇದ್ದರೂ ಉಸಿರಾಟ ಹೆಚ್ಚಿದ ಕಾರಣಕ್ಕೆ ಅದು ಕುಸಿದಂತೆ ಕಾಣುತ್ತದೆ. ಕತ್ತಲಲ್ಲಿ 30, ಬೆಳಕಲ್ಲಿ 22 ಇದ್ದಾಗ ಶೇ. 27. ಕತ್ತಲಿನದು 40ಕ್ಕೆ ಏರಿ ಬೆಳಕಿನದು 32 ಆದರೆ ಶೇ. 20. ಎರಡರಲ್ಲೂ ಕಾಯಿ ಹಿಡಿದದ್ದು 8ನ್ನೇ. ಆದ್ದರಿಂದ ಕಿಲೋಗೆ ತಾಸಿಗೆ ಎಷ್ಟು ಮಿ.ಲೀ. ಎಂಬ ಅಂಕಿಯನ್ನೇ ಮುಂದಿಟ್ಟು, ಶೇಕಡಾವನ್ನು ಪಕ್ಕಕ್ಕೆ ಬರೆಯಿರಿ.

ಆ ಅಂಕಿ ದೋರೆಗಾಯಿಯ ಹಂತದಲ್ಲಿ ವೇಗವಾಗಿ ಇಳಿಯುತ್ತದೆ. ಕ್ಲೋರೋಪ್ಲಾಸ್ಟ್‌ಗಳು ಆಗ ಬಿಚ್ಚಿಕೊಳ್ಳುತ್ತಿರುತ್ತವೆ: ಬೆಳಕು ಹಿಡಿಯುವ ಒಳಪೊರೆಗಳು ಕಳಚುತ್ತವೆ, ಪತ್ರಹರಿತ್ತು ಒಡೆಯುತ್ತದೆ, ಇಂಗಾಲ ಹಿಡಿಯುವ ಕಿಣ್ವ ಕಡಿಮೆಯಾಗುತ್ತದೆ, ಅದೇ ಕಣಗಳು ಲೈಕೋಪೀನ್ ತುಂಬಿದ ಕ್ರೋಮೋಪ್ಲಾಸ್ಟ್‌ಗಳಾಗುತ್ತವೆ. ಹೊರಗೆ ನಸುಗೆಂಪಾದ ಮೇಲೂ ಸಣ್ಣ ವ್ಯತ್ಯಾಸ ಉಳಿದರೆ ಓಟ ಮುಗಿದ ಮೇಲೆ ಒಂದನ್ನು ಕೊಯ್ದು ನೋಡಿ. ಬೀಜದ ಸುತ್ತಲಿನ ಲೋಳೆ ಸಿಪ್ಪೆಗಿಂತ ತಡವಾಗಿ ಹಸಿರು ಬಿಡುತ್ತದೆ, ಅಲ್ಲಿನ ಕ್ಲೋರೋಪ್ಲಾಸ್ಟ್‌ಗಳೂ ಕೆಲಸ ಮಾಡುತ್ತವೆ. ಪೂರ್ಣ ಕೆಂಪು ಹಣ್ಣಿನಲ್ಲಿ ಸೊನ್ನೆ ಬರಲೇಬೇಕು. ಬರದಿದ್ದರೆ ಉಳಿದ ಅಂಕಿಗಳನ್ನೂ ನಂಬಬೇಡಿ.

ಕಾಲೇಜಿನ ಪ್ರಯೋಗಾಲಯದ ಸಹಾಯವಿದ್ದರೆ ಪತ್ರಹರಿತ್ತನ್ನೂ ಅಳೆದು ಜೊತೆಗಿಡಬಹುದು. 1 ಗ್ರಾಂ ಸಿಪ್ಪೆಯನ್ನು ಶೇ. 80ರ ಅಸಿಟೋನಿನಲ್ಲಿ ಅರೆದು, ಸೋಸಿ, 10 ಮಿ.ಲೀ.ಗೆ ತುಂಬಿಸಿ, ಗಾಜಿನ ಕುವೆಟ್ಟಿಗೆ (ಅಳತೆಯ ಪುಟ್ಟ ಪಾತ್ರೆ) ಹಾಕಿ, 645 ಮತ್ತು 663 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರಿತೆಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಓದಿ. ಅಸಿಟೋನಿಗೆ ಪ್ಲಾಸ್ಟಿಕ್ ಕುವೆಟ್ಟು ಕರಗುತ್ತದೆ. ಸಸ್ಯವಿಜ್ಞಾನಿ ಅರ್ನಾನ್ 1949ರಲ್ಲಿ ಕೊಟ್ಟ ಸೂತ್ರದಂತೆ 645ರ ಅಂಕಿಯನ್ನು 20.2ರಿಂದ, 663ರ ಅಂಕಿಯನ್ನು 8.02ರಿಂದ ಗುಣಿಸಿ ಕೂಡಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರುತ್ತದೆ. ಲೈಕೋಪೀನ್ ಹೀರುವುದು 500ರ ಆಸುಪಾಸಿನ ಬೆಳಕನ್ನು, ಹಾಗಾಗಿ ಕೆಂಪು ಹಣ್ಣಿನಲ್ಲೂ ಈ ಲೆಕ್ಕ ಕೆಡದು. ಅಸಿಟೋನ್ ಬೇಗ ಬೆಂಕಿ ಹಿಡಿಯುವ ವಸ್ತು, ಸ್ಟೌವಿನ ಹತ್ತಿರ ತರಬೇಡಿ.

ಅಯೋಡಿನ್ ಹಾಕಿ ಹಸಿರು ಕಾಯಿಯ ಪಿಷ್ಟ ತೋರಿಸುವ ಪ್ರಯೋಗವನ್ನು ಕೆಲವರು ಇದರ ಬದಲಿಗೆ ಮಾಡಿಸುತ್ತಾರೆ. ನೀಲಿ ಬಣ್ಣ ಬರುವುದೇನೋ ನಿಜ, ಆದರೆ ಆ ಪಿಷ್ಟ ಬಹುಪಾಲು ಎಲೆಗಳು ಕಳಿಸಿದ ಸಕ್ಕರೆಯಿಂದ ಆದದ್ದು. ಟಮಾಟಿ ಕಾಯಿಯ ಸ್ವಂತ ದುಡಿಮೆ ಅದರ ಒಟ್ಟು ಇಂಗಾಲದ ಶೇ. 10ರಿಂದ 15 ಎಂದು ಅಂದಾಜು. ಗಿಡದಲ್ಲೇ ಇರುವ ಎಳೆಗಾಯಿಗೆ ಫಾಯಿಲ್ ಸುತ್ತಿದರೆ ಅದು ಬೆಳ್ಳಗೆ ಬೆಳೆದು, ಹಸಿರಿಲ್ಲದೆಯೇ ಕೆಂಪಾಗಿ ಹಣ್ಣಾಗುವುದು ಅದಕ್ಕೇ.

ಬರಣಿ ಒಮ್ಮೆ ಸರಿಹೋದ ಮೇಲೆ ಬೇರೆ ಕಾಯಿಗಳಿಗೂ ಒಗ್ಗುತ್ತದೆ. ಬಾಳೆಕಾಯಿಯ ಸಿಪ್ಪೆಗೆ ಪತ್ರರಂಧ್ರಗಳಿವೆ, ಬೆಳಕಿನ ಪರಿಣಾಮ ಟಮಾಟಿಗಿಂತ ಬೇಗ ಕಾಣಬೇಕು. ಕ್ಯಾವೆಂಡಿಷ್ ಬಾಳೆ 24–25 ಡಿಗ್ರಿಗಿಂತ ಮೇಲೆ ಮಾಗಿದರೆ ತಿರುಳು ಮೆತ್ತಗಾಗಿ ಸಿಹಿಯಾದರೂ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಇಂಥ ಹಣ್ಣು ಬೇಕೆಂದರೂ ಬೇಡವೆಂದರೂ ಸಿಗುತ್ತದೆ; ತೊಟ್ಟಿಯ ನೀರನ್ನು 25ಕ್ಕೆ ಹಿಡಿದು ಹಸಿರು ಸಿಪ್ಪೆಯ ಮೆತ್ತನೆ ಹಣ್ಣನ್ನೂ ಹಳದಿ ಹಣ್ಣನ್ನೂ ಒಂದಾದ ಮೇಲೊಂದು ಅಳೆಯಿರಿ. ಬಾಳೆಯ ಉಸಿರಾಟ ಮಾಗುವಾಗ ಟಮಾಟಿಗಿಂತ ಬಹಳ ಹೆಚ್ಚು, ಹಾಗಾಗಿ ಒಂದೇ ಹಣ್ಣು ಇಟ್ಟು ಸಮಯವನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲವಾದರೆ ಸೆನ್ಸರ್ 5000ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿಯ ಹಸಿಕಾಯಿ ಹೇರಳ. ಬಟಾಣಿ, ಕಡಲೆಯ ಕಾಯಿಸಿಪ್ಪೆ ಒಳಗಿನ ಬೀಜಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹಿಡಿಯುತ್ತದೆ ಎಂಬುದು ಗೊತ್ತಿರುವ ಸಂಗತಿ. ತೊಗರಿಯನ್ನು ಅಳೆಯುವಾಗ 100 ಗ್ರಾಂ ಕಾಯಿಯಿಂದ ಶುರುಮಾಡಿ, ಕಡ್ಡಿ ಎಲೆ ಒಂದೂ ಉಳಿಯದಂತೆ ಬಿಡಿಸಿ, ಕಾಯಿಗಳು ಒಂದರ ಮೇಲೊಂದು ಬಿದ್ದು ನೆರಳಾಗದಂತೆ ತಂತಿಯ ಜಾಲರಿಯ ಮೇಲೆ ಒಂದೇ ಪದರದಲ್ಲಿ ಹರಡಿ.